ಕಾಣದ ಬರೆ

ಕೆಲವು ಪದಗಳನ್ನು ವೈದ್ಯರು ಒಂದು ಅರ್ಥದಲ್ಲಿ ಆಡುತ್ತಾರೆ, ನಾವು ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಳ್ಳುತ್ತೇವೆ. ‘ಬಿನೈನ್’ ಅಂಥ ಒಂದು ಪದ. ಕ್ಯಾನ್ಸರ್ ಅಲ್ಲದ ಗಡ್ಡೆಗೆ ಅವರು ಹಾಗೆನ್ನುತ್ತಾರೆ. ಕನ್ನಡದಲ್ಲಿ ಬರೆಯುವವರು ಅದನ್ನು ‘ನಿರಪಾಯಕಾರಿ ಗಡ್ಡೆ’ ಎಂದೂ ‘ಸಾಧು ಗಡ್ಡೆ’ ಎಂದೂ ಬರೆಯುವುದುಂಟು. ನನಗೆ ಎರಡನೆಯದೇ ಸರಿಯೆನ್ನಿಸುತ್ತದೆ. ಯಾಕೆಂದರೆ ಸಾಧು ಎನ್ನುವುದು ಸ್ವಭಾವವನ್ನು ಹೇಳುವ ಮಾತು. ಅಪಾಯವೇ ಇಲ್ಲವೆಂದು ಭರವಸೆ ಕೊಡುವ ಮಾತಲ್ಲ. ಹಸು ಎಷ್ಟೇ ಸಾಧುವಾಗಿರಲಿ, ಅದನ್ನು ತಂದು ಅಡಿಗೆಮನೆಯಲ್ಲಿ ಕಟ್ಟಿದರೆ ಏನಾದೀತು? ಅದು ಹಾಯುವುದಿಲ್ಲ, ಒದೆಯುವುದಿಲ್ಲ. ಸುಮ್ಮನೆ ಒಂದು ಸಲ ಮಗ್ಗುಲು ಬದಲಿಸಿದರೂ ಸಾಕು, ಗೂಡಿನಲ್ಲಿಟ್ಟ ಡಬ್ಬಗಳೆಲ್ಲ ಉರುಳುತ್ತವೆ. ತಪ್ಪು ಹಸುವಿನದಲ್ಲ, ಅದು ನಿಂತ ಜಾಗದ್ದು.

ಮೂಗು ಅಂಥ ಇಕ್ಕಟ್ಟಿನ ಜಾಗ. ನಾವು ಕನ್ನಡಿಯಲ್ಲಿ ನೋಡಿಕೊಳ್ಳುವ, ಮೂಗುಬೊಟ್ಟು ಇಟ್ಟು ಸಿಂಗರಿಸುವ ಮೂಗು ಬರೀ ಹೊರಬಾಗಿಲು. ಅದರ ಹಿಂದೆ ಒಂದು ಇಡೀ ಮನೆಯೇ ಇದೆ. ಅಕ್ಕಪಕ್ಕದಲ್ಲಿ ಸೈನಸ್ ಎಂಬ ಗಾಳಿಗೂಡುಗಳು. ಕಾಗದದಷ್ಟು ತೆಳುವಾದ ಮೂಳೆಯ ಗೋಡೆಯ ಆಚೆಗೆ ಕಣ್ಣು. ಮೇಲಿನ ಸೂರಿನ ಆಚೆಗೆ ಮಿದುಳು. ಹಿಂದುಗಡೆ, ದೇಹದ ಬೆಳವಣಿಗೆಯನ್ನೆಲ್ಲ ನಡೆಸುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ. ಇಂಥ ಕಡೆ ಬೆಳೆಯುವ ಗಡ್ಡೆ ಎಷ್ಟೇ ಸಾಧುವಾದರೂ ನೆರೆಯವರನ್ನು ಒತ್ತದೆ ಇರಲಾರದು.

ಅವುಗಳಲ್ಲಿ ಒಂದರ ಹೆಸರು ಆಂಜಿಯೋಫೈಬ್ರೋಮಾ. ಇದು ಹೆಚ್ಚುಕಡಿಮೆ ಹುಡುಗರಿಗೆ ಮಾತ್ರ, ಅದೂ ಮೀಸೆ ಚಿಗುರುವ ವಯಸ್ಸಿನಲ್ಲಿ ಬರುವ ಗಡ್ಡೆ. ಮೂಗಿನ ತೀರ ಹಿಂಭಾಗದಲ್ಲಿ ಹುಟ್ಟುತ್ತದೆ. ಅದರ ತುಂಬ ರಕ್ತನಾಳಗಳು. ಆ ನಾಳಗಳ ಗೋಡೆಯಲ್ಲಿ ಬಿಗಿದು ಮುಚ್ಚಿಕೊಳ್ಳುವ ಸ್ನಾಯು ಸರಿಯಾಗಿ ಇರುವುದಿಲ್ಲವಾದ್ದರಿಂದ ಒಮ್ಮೆ ರಕ್ತ ಸೋರಲು ತೊಡಗಿದರೆ ನಿಲ್ಲುವುದು ಕಷ್ಟ. ಬೇರೆ ಗಡ್ಡೆಗಳಿಂದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದಂತೆ ಇದರಿಂದ ಕಳಿಸಲು ವೈದ್ಯರು ಹಿಂಜರಿಯುವುದು ಇದಕ್ಕೇ. ಸ್ಕ್ಯಾನ್ ಚಿತ್ರಗಳನ್ನು ನೋಡಿಯೇ ಅದನ್ನು ಗುರುತಿಸುತ್ತಾರೆ. ಇದು ಕ್ಯಾನ್ಸರಿನಂತೆ ರಕ್ತದಲ್ಲಿ ಹರಿದು ಶ್ವಾಸಕೋಶಕ್ಕೋ ಯಕೃತ್ತಿಗೋ ಹೋಗಿ ಬೀಜ ಬಿತ್ತುವುದಿಲ್ಲ. ಇದ್ದಲ್ಲೇ ಇದ್ದು ಮೂಳೆಯನ್ನು ಸವೆಸುತ್ತ, ಸಂದುಗಳಲ್ಲಿ ತೂರುತ್ತ ಬೆಳೆಯುತ್ತದೆ. ಕೆಲವರಲ್ಲಿ ಕಣ್ಣಿನ ಗುಳಿಗೂ, ಇನ್ನು ಕೆಲವರಲ್ಲಿ ತಲೆಬುರುಡೆಯ ಒಳಕ್ಕೂ ಕೈಚಾಚುತ್ತದೆ.

ಇದೆಲ್ಲ ನನಗೆ ತಿಳಿದದ್ದು 2011ರಲ್ಲಿ. ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ಹದಿನಾಲ್ಕರ ಹುಡುಗನೊಬ್ಬನಿಗೆ ಆಗಾಗ ಮೂಗಿನಲ್ಲಿ ರಕ್ತ ಸೋರುತ್ತಿತ್ತು. ಮನೆಯವರು ಉಷ್ಣವೆಂದುಕೊಂಡರು. ತಲೆಗೆ ತಣ್ಣೀರು ತಟ್ಟಿದರು, ಈರುಳ್ಳಿ ಮೂಸಿಸಿದರು, ಗರಿಕೆಯ ರಸ ಹಿಂಡಿದರು. ಆಮೇಲೆ ಒಂದು ಕಡೆಯ ಮೂಗು ಪೂರ್ತಿ ಕಟ್ಟಿ, ಬಾಯಲ್ಲಿ ಉಸಿರಾಡತೊಡಗಿದ ಮೇಲೆ ಜಿಲ್ಲಾಸ್ಪತ್ರೆ, ಅಲ್ಲಿಂದ ಬೆಂಗಳೂರು. ಗಡ್ಡೆಗೆ ರಕ್ತ ತರುವ ನಾಳವನ್ನು ಮೊದಲು ಒಳಗಿಂದಲೇ ಮುಚ್ಚಿ, ಆಮೇಲೆ ಮೂಗಿನ ಮೂಲಕವೇ ಶಸ್ತ್ರಕ್ರಿಯೆ ಮಾಡಿದರು. ಬಹುಪಾಲು ಬಂತು. ಆದರೆ ಕಣ್ಣಿನ ನರಕ್ಕೆ, ಮಿದುಳಿಗೆ ಹೋಗುವ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿದ್ದ ಒಂದು ತುಂಡನ್ನು ಮುಟ್ಟಲಾಗಲಿಲ್ಲ. ಆರು ತಿಂಗಳಲ್ಲಿ ಆ ತುಂಡು ಮತ್ತೆ ಬೆಳೆದಿತ್ತು. ಆಗ ವೈದ್ಯರು ವಿಕಿರಣ ಚಿಕಿತ್ಸೆಯ ಮಾತೆತ್ತಿದರು. ನಮ್ಮ ಕಡೆ ಅದಕ್ಕೆ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ದೇಹಕ್ಕೆ ವಿದ್ಯುತ್ ಹರಿಸುವುದೇನೂ ಇಲ್ಲ, ಬಲವಾದ ಎಕ್ಸ್-ರೇ ಕಿರಣಗಳನ್ನು ಗಡ್ಡೆಯ ಮೇಲೆ ಬಿಡುವುದು. ಆದರೂ ಹೆಸರು ಹಾಗೆಯೇ ನಿಂತುಬಿಟ್ಟಿದೆ.

ಹುಡುಗನ ತಾಯಿ ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಬಂದು ನನ್ನನ್ನು ಕೇಳಿದರು: “ಮೇಡಂ, ಕ್ಯಾನ್ಸರ್ ಅಲ್ಲ ಅಂತಾರೆ. ಆದ್ರೂ ಕರೆಂಟ್ ಕೊಡ್ಬೇಕು ಅಂತಾರೆ. ಮುಂದೆ ಯಾವತ್ತೋ ಅದರಿಂದ್ಲೇ ಕ್ಯಾನ್ಸರ್ ಬಂದ್ರೂ ಬರಬಹುದು ಅಂತಾನೂ ಅಂತಾರೆ. ಇದೆಂಥ ನ್ಯಾಯ, ನೀವೇ ಹೇಳಿ.”

ಅವರು ನ್ಯಾಯ ಎಂಬ ಪದವನ್ನೇ ಬಳಸಿದರು. ಆ ಪದ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಇದು ಔಷಧದ ಪ್ರಶ್ನೆಯಾಗಿದ್ದರೆ ವೈದ್ಯರು ಉತ್ತರಿಸುತ್ತಿದ್ದರು. ನ್ಯಾಯದ ಪ್ರಶ್ನೆಯಾದ್ದರಿಂದ ಅದು ನಮ್ಮೆಲ್ಲರದೂ ಹೌದು.

ಮೊದಲು ವೈದ್ಯರ ಕಡೆಯ ಲೆಕ್ಕ ನೋಡೋಣ. ಇಂಥ ಗಡ್ಡೆಗೆ ಮೊದಲ ಮದ್ದು ಶಸ್ತ್ರಕ್ರಿಯೆಯೇ. ಈ ಬಗ್ಗೆ ಅವರಲ್ಲಿ ಭಿನ್ನಾಭಿಪ್ರಾಯವಿಲ್ಲ. ನಡುವಯಸ್ಸಿನವರಲ್ಲಿ ಕಾಣಿಸಿಕೊಳ್ಳುವ ಇನ್ವರ್ಟೆಡ್ ಪ್ಯಾಪಿಲೋಮಾ ಎಂಬ ಸೈನಸ್ ಗಡ್ಡೆಗೂ ಇದೇ ನಿಯಮ. ಪೂರ್ತಿ ತೆಗೆಯಲು ಬಾರದಿದ್ದರೆ, ಅಥವಾ ಅದರ ಜೊತೆಗೆ ಕ್ಯಾನ್ಸರೂ ಸೇರಿಕೊಂಡಿದ್ದರೆ ಮಾತ್ರ ಕಿರಣದ ಮಾತು. ಹುಡುಗರ ಗಡ್ಡೆಯಲ್ಲಿಯೂ ಅಷ್ಟೆ. ಚಾಕು ತಲುಪಲಾರದ ಕಡೆ, ತಲುಪಿದರೆ ಕಣ್ಣೋ ಪ್ರಾಣವೋ ಹೋಗಬಹುದಾದ ಕಡೆ, ಮತ್ತೆ ಮತ್ತೆ ಮರಳಿ ಬೆಳೆಯುವ ಕಡೆ ಮಾತ್ರ ಕಿರಣ. ಉಳಿದ ಚೂರು ಬೆಳೆಯದೆ, ತೊಂದರೆ ಕೊಡದೆ ಸುಮ್ಮನಿದ್ದರೆ ಸ್ಕ್ಯಾನ್ ಮಾಡಿಸುತ್ತ ಕಾಯುವುದೂ ಒಂದು ದಾರಿಯೇ. ಹರೆಯ ದಾಟಿದ ಮೇಲೆ ಕೆಲವರಲ್ಲಿ ಅದು ತಾನಾಗಿಯೇ ಕುಗ್ಗಿದ್ದುಂಟು.

ಕೊಡುವ ಕಿರಣದ ಪ್ರಮಾಣವನ್ನು ‘ಗ್ರೇ’ ಎಂಬ ಮಾನದಲ್ಲಿ ಅಳೆಯುತ್ತಾರೆ. ಮೂಗಿನ ಹಿಂಭಾಗದ ಕ್ಯಾನ್ಸರಿಗೆ 70 ಗ್ರೇವರೆಗೆ ಕೊಡುವುದುಂಟು. ಈ ಸಾಧು ಗಡ್ಡೆಗೆ ಸಾಮಾನ್ಯವಾಗಿ 30ರಿಂದ 36 ಗ್ರೇ, ಎಂದರೆ ಸುಮಾರು ಅರ್ಧ. ಅದನ್ನೂ ಒಂದೇ ದಿನ ಕೊಡುವುದಿಲ್ಲ. ದಿನಕ್ಕಿಷ್ಟು ಎಂದು ಮೂರು ನಾಲ್ಕು ವಾರ ಹಂಚುತ್ತಾರೆ. ಕೆನಡಾದ ಟೊರಾಂಟೊ ನಗರದ ಪ್ರಿನ್ಸೆಸ್ ಮಾರ್ಗರೆಟ್ ಆಸ್ಪತ್ರೆಯ ವೈದ್ಯರು ಹೀಗೆ ಚಿಕಿತ್ಸೆ ಪಡೆದ 55 ಮಂದಿಯ ಕಥೆಯನ್ನು 1984ರಲ್ಲಿ ಪ್ರಕಟಿಸಿದರು. ನೂರಕ್ಕೆ ಎಂಬತ್ತರಷ್ಟು ಮಂದಿಯಲ್ಲಿ ಗಡ್ಡೆ ಹತೋಟಿಗೆ ಬಂದಿತ್ತು. ಆದರೆ ಇದು ಇಂದು ಬಿಟ್ಟು ನಾಳೆ ಕರಗುವ ಗಡ್ಡೆಯಲ್ಲ. ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ, ಕೆಲವೊಮ್ಮೆ ಎರಡು ಮೂರು ವರ್ಷ, ನಿಧಾನವಾಗಿ ಕುಗ್ಗುತ್ತ ಹೋಗುತ್ತದೆ.

ಇನ್ನು ಇನ್ನೊಂದು ಪುಟದ ಲೆಕ್ಕ. ಕಣ್ಣಿಗೆ ಪೊರೆ ಬರಬಹುದು. ಬೆಳೆಯುವ ಮುಖದ ಮೂಳೆಗಳ ಬೆಳವಣಿಗೆ ಕುಂಠಿತವಾಗಬಹುದು. ಪಿಟ್ಯುಟರಿ ಸೊರಗಬಹುದು. ಬಾಯಿ ಒಣಗಬಹುದು, ಹಲ್ಲು ಕೆಡಬಹುದು. ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ, ಕಿರಣ ಹಾದುಹೋದ ದಾರಿಯಲ್ಲಿ ಎಲ್ಲೋ ಒಂದು ಕಡೆ ನಿಜವಾದ ಕ್ಯಾನ್ಸರ್ ಹುಟ್ಟಲೂಬಹುದು. ಎಲ್ಲರಿಗೂ ಇದೆಲ್ಲ ಆಗುವುದಿಲ್ಲ. ಹೊಸ ಯಂತ್ರಗಳು ಕಿರಣವನ್ನು ಗಡ್ಡೆಯ ಆಕಾರಕ್ಕೆ ತಕ್ಕಂತೆ ಕತ್ತರಿಸಿ ಬಿಡುತ್ತವೆ. 2019ರಿಂದ ಚೆನ್ನೈನಲ್ಲಿ, ಗುರಿಯ ಆಚೆಗೆ ಹೆಚ್ಚು ಹರಿಯದ ಪ್ರೋಟಾನ್ ಕಿರಣದ ಚಿಕಿತ್ಸೆಯೂ ಶುರುವಾಗಿದೆ. ಆದರೂ ಅಪಾಯ ಸೊನ್ನೆಯೆಂದು ಹೇಳುವ ವೈದ್ಯರಿಲ್ಲ.

ಕ್ಯಾನ್ಸರ್ ಇದ್ದವರಿಗೆ ಈ ಎರಡು ಪುಟಗಳನ್ನು ಕೂಡಿ ಕಳೆಯುವುದು ಸುಲಭ. ಒಂದು ಕಡೆ ಪ್ರಾಣ, ಇನ್ನೊಂದು ಕಡೆ ಎಂದೋ ಬರಬಹುದಾದ ತೊಂದರೆ. ಅರವತ್ತರ ಹಿರಿಯರಿಗಾದರೆ ಮೂವತ್ತು ವರ್ಷದ ನಂತರದ ಅಪಾಯ ಅಪಾಯವೇ ಅಲ್ಲ. ಹದಿನಾಲ್ಕರ ಹುಡುಗನಿಗೆ ಮೂವತ್ತು ವರ್ಷ ಕೂಡಿಸಿ ನೋಡಿ. ನಲವತ್ತನಾಲ್ಕು. ಆಗ ಅವನ ಮಕ್ಕಳು ಹೈಸ್ಕೂಲಿನಲ್ಲಿರುತ್ತಾರೆ, ಮನೆಯ ಸಾಲ ಇನ್ನೂ ತೀರಿರುವುದಿಲ್ಲ. ಇಂದು ರೋಗ ಇರುವುದು ಹುಡುಗನಿಗೆ, ಬೆಲೆ ಕೊಡಬೇಕಾಗಿ ಬಂದರೆ ಕೊಡುವವನು ಆ ಗೃಹಸ್ಥ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎನ್ನುವ ಗಾದೆಯನ್ನು ನಾವು ಮೂರ್ಖರ ಮೇಲೆ ಹೇಳುತ್ತೇವೆ. ಆದರೆ ಮಕ್ಕಳ ಪರವಾಗಿ ತೀರ್ಮಾನ ಮಾಡುವ ತಂದೆತಾಯಿ ಎಷ್ಟೋ ಸಲ ಮಾಡಬೇಕಾಗಿ ಬರುವುದು ಇದನ್ನೇ. ಬರೆಯನ್ನು ಯಾರ ಮೈಮೇಲೆ ಎಳೆಯುತ್ತಿದ್ದೇವೋ ಅವನು ಇನ್ನೂ ಹುಟ್ಟಿಯೇ ಇಲ್ಲ. ಅವನನ್ನು ಕೇಳುವುದು ಹೇಗೆ?

ಹಾಗಾದರೆ ಸಹಿ ಹಾಕದಿರುವುದು ಧರ್ಮವೇ? ಹಾಗೆ ತೋರುವುದು ಸಹಜ. ಇಲಿಗೆ ಹೆದರಿ ಮನೆ ಸುಡಬಾರದಲ್ಲ. ಆದರೆ ಇಲ್ಲಿ ಬಂದಿರುವುದು ಇಲಿಯಲ್ಲ. ಸಹಿ ಹಾಕದಿದ್ದರೆ ಆ ತುಂಡು ಕಣ್ಣಿನ ನರವನ್ನು ಒತ್ತುತ್ತದೆ. ಕಣ್ಣು ಹೋದ ಮೇಲೆ ಬಂದ ಜ್ಞಾನೋದಯದಿಂದ ಯಾರಿಗೇನು ಲಾಭ? ಸುಮ್ಮನಿರುವುದೂ ಒಂದು ತೀರ್ಮಾನವೇ, ಅದಕ್ಕೆ ಕಾಗದವಿಲ್ಲ, ಸಹಿಯಿಲ್ಲ, ಅಷ್ಟೇ ವ್ಯತ್ಯಾಸ. ಸಹಿಯಿಲ್ಲದ ತೀರ್ಮಾನಗಳನ್ನು ನಾವು ವಿಧಿಯ ಹೆಸರಿಗೆ ಬರೆದುಬಿಡುತ್ತೇವೆ. ಹೆಂಗಸರಿಗಂತೂ ಇದು ಚೆನ್ನಾಗಿ ಗೊತ್ತು. ಮನೆಯಲ್ಲಿ ಯಾರೂ ತೀರ್ಮಾನ ಮಾಡಲಿಲ್ಲ ಎಂಬ ಕಾರಣಕ್ಕೇ ಎಷ್ಟು ಹುಡುಗಿಯರ ಓದು ನಿಂತಿಲ್ಲ!

ಆ ತಾಯಿ ಮತ್ತು ತಂದೆ ಬೇರೊಂದು ಆಸ್ಪತ್ರೆಯಲ್ಲಿಯೂ ವಿಚಾರಿಸಿದರು. ಅಲ್ಲಿಯೂ ಅದೇ ಮಾತು ಬಂತು. ಅಲ್ಲಿನ ವೈದ್ಯರು ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. ಇನ್ನೊಮ್ಮೆ ಕೊಯ್ದರೆ ಏನಾಗಬಹುದು, ಕಾದರೆ ಏನಾಗಬಹುದು, ಕಿರಣ ಕೊಟ್ಟರೆ ಏನಾಗಬಹುದು ಎಂದು ಮೂರನ್ನೂ ಬಿಡಿಸಿ ಹೇಳಿದರಂತೆ. ಇವರು ಸಹಿ ಹಾಕಿದರು. ಇಪ್ಪತ್ತು ದಿನಗಳ ಚಿಕಿತ್ಸೆ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಜಾಲರಿಯನ್ನು ಹುಡುಗನ ಮುಖದ ಮೇಲೆ ಒತ್ತಿ ಒಂದು ಮುಖವಾಡ ಮಾಡಿಕೊಂಡರು. ದಿನವೂ ಅದನ್ನು ತೊಡಿಸಿ, ತಲೆ ಅಲುಗದಂತೆ ಮಲಗಿಸಿ, ಕೆಲವೇ ನಿಮಿಷ. “ನೋವೇ ಇಲ್ವಂತೆ ಮೇಡಂ, ಏನೂ ಗೊತ್ತಾಗಲ್ವಂತೆ” ಎಂದು ತಾಯಿ ಆಶ್ಚರ್ಯಪಟ್ಟರು. ಎರಡು ವರ್ಷ ಕಳೆಯುವಷ್ಟರಲ್ಲಿ ಗಡ್ಡೆ ಕುಗ್ಗಿ, ಗಂಟಿನಂಥ ಚೂರಾಗಿ ನಿಂತಿತ್ತು. ಹುಡುಗ ಡಿಪ್ಲೊಮಾ ಸೇರಿದ.

ಸಾಮಾನ್ಯವಾಗಿ ಇಂಥ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ದೇವರಿಗೆ ಹರಕೆ ಒಪ್ಪಿಸಿದರೆ ಆಯಿತು. ಆದರೆ ನ್ಯಾಯದ ಪ್ರಶ್ನೆ ನಿಜವಾಗಿ ಶುರುವಾಗುವುದು ಇಲ್ಲಿಂದ ಎಂದು ನನಗೆ ತೋರುತ್ತದೆ. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ, ಸ್ವಲ್ಪ ದೂರಕ್ಕೆ ಹೋಗಬೇಕು.

ಜರ್ಮನಿಯ ರಾಂಟ್‌ಜೆನ್ ಎಕ್ಸ್-ರೇ ಕಿರಣವನ್ನು ಕಂಡುಹಿಡಿದದ್ದು 1895ರ ಕೊನೆಯಲ್ಲಿ. ಮರುವರ್ಷವೇ, 1896ರಲ್ಲಿ, ವಿಯೆನ್ನಾದ ಲಿಯೊಪೋಲ್ಡ್ ಫ್ರಾಯ್ಂಡ್ ಎಂಬ ವೈದ್ಯ ಅದನ್ನು ಚಿಕಿತ್ಸೆಗೆ ಬಳಸಿದ. ರೋಗಿ ಐದು ವರ್ಷದ ಹುಡುಗಿ. ಅವಳಿಗೆ ಇದ್ದದ್ದು ಕ್ಯಾನ್ಸರ್ ಅಲ್ಲ, ಬೆನ್ನ ಮೇಲೆ ಹರಡಿದ್ದ, ಕೂದಲು ಬೆಳೆದ ದೊಡ್ಡ ಮಚ್ಚೆ. ಕೂದಲು ಉದುರಿತು. ಜೊತೆಗೆ ಬೆನ್ನಿನಲ್ಲಿ ಆಳವಾದ ಹುಣ್ಣೂ ಆಯಿತು, ಮಾಯಲು ಬಹುಕಾಲ ಹಿಡಿಯಿತು. ಅವಳು ಮುದುಕಿಯಾಗುವವರೆಗೂ ಬದುಕಿದಳು, ಬೆನ್ನಿನ ಮೇಲೆ ಗುರುತೂ ಉಳಿಯಿತು. ಕಿರಣ ಚಿಕಿತ್ಸೆಯ ಇತಿಹಾಸ ಶುರುವಾದದ್ದೇ ಹೀಗೆ, ಪ್ರಾಣಕ್ಕೆ ಏನೂ ಅಪಾಯವಿಲ್ಲದ ಒಂದು ತೊಂದರೆಯಿಂದ, ಒಂದು ಮಗುವಿನಿಂದ.

ಆಮೇಲಿನದು ಮೂಗಿಗೇ ಸೇರಿದ ಕಥೆ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಸ್ಯಾಮ್ಯುಯೆಲ್ ಕ್ರೋ ಎಂಬ ವೈದ್ಯ ಮತ್ತು ಅವನ ಜೊತೆಗಾರರು ಒಂದು ವಿಧಾನ ಕಂಡುಕೊಂಡರು. ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಮೆದುವಾದ ಊತಕವಿದೆ. ಅದು ದಪ್ಪಗಾದರೆ ಕಿವಿಗೆ ಗಾಳಿ ಹೋಗುವ ದಾರಿ ಮುಚ್ಚಿ ಮಕ್ಕಳಿಗೆ ಕಿವಿ ಮಂದವಾಗುತ್ತದೆ. ಅದನ್ನು ಕುಗ್ಗಿಸಲು, ಕಡ್ಡಿಯೊಂದರ ತುದಿಯಲ್ಲಿ ರೇಡಿಯಂ ಇಟ್ಟು, ಮೂಗಿನ ಹೊಳ್ಳೆಯೊಳಗೆ ತೂರಿಸಿ, ಕೆಲವು ನಿಮಿಷ ಹಾಗೆಯೇ ಬಿಟ್ಟು ತೆಗೆಯುವುದು. ಎರಡು ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಯ ನಾವಿಕರಿಗೂ ವಿಮಾನ ದಳದವರಿಗೂ ಇದನ್ನು ಮಾಡಿದರು. ಯುದ್ಧದ ನಂತರ ಊರೂರುಗಳಲ್ಲಿ ಮಕ್ಕಳಿಗೆ ಮಾಡಿದರು. ಅಮೆರಿಕದ ಆರೋಗ್ಯ ಇಲಾಖೆಯ ಅಂದಾಜಿನಂತೆ ಕಡಿಮೆಯೆಂದರೂ 5 ಲಕ್ಷ ಜನ ಇದನ್ನು ಪಡೆದಿದ್ದಾರೆ. ಆಂಟಿಬಯಾಟಿಕ್ ಔಷಧಗಳು ಬಂದವು, ಕಿವಿಗೆ ಪುಟ್ಟ ನಳಿಗೆ ಇಡುವ ಪದ್ಧತಿ ಬಂತು, 1960ರ ದಶಕದ ಹೊತ್ತಿಗೆ ರೇಡಿಯಂ ಕಡ್ಡಿ ಮೂಲೆ ಸೇರಿತು. 1995ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ತಜ್ಞರು ಸಭೆ ಸೇರಿ, ಆ ಮಕ್ಕಳೆಲ್ಲ ಈಗ ಹೇಗಿದ್ದಾರೆ, ಅವರಿಗೆ ಏನು ಹೇಳಬೇಕು ಎಂದು ಚರ್ಚಿಸಬೇಕಾಯಿತು. ಅಷ್ಟರಲ್ಲಿ ಅವರೆಲ್ಲ ನಡುವಯಸ್ಸು ದಾಟಿದ್ದರು. ಅನೇಕರಿಗೆ ತಮ್ಮ ಮೂಗಿನಲ್ಲಿ ಚಿಕ್ಕಂದಿನಲ್ಲಿ ಏನಿಟ್ಟಿದ್ದರು ಎಂಬುದೇ ಗೊತ್ತಿರಲಿಲ್ಲ.

ಇದೇ ದೇಶದ ಶಿಕಾಗೋ ನಗರದ ಮೈಕೆಲ್ ರೀಸ್ ಆಸ್ಪತ್ರೆಯಲ್ಲಿಯೂ ಟಾನ್ಸಿಲ್, ಅಡಿನಾಯ್ಡ್ ಮುಂತಾದ ಸಣ್ಣ ತೊಂದರೆಗಳಿಗಾಗಿ ಸುಮಾರು 5 ಸಾವಿರ ಮಕ್ಕಳಿಗೆ ಎಕ್ಸ್-ರೇ ಕಿರಣ ಕೊಟ್ಟಿದ್ದರು. ಅಂಥ ಮಕ್ಕಳಿಗೆ ದೊಡ್ಡವರಾದ ಮೇಲೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆಗಳಾಗುವುದು ತಿಳಿದಾಗ ಆ ಆಸ್ಪತ್ರೆ ಒಂದು ಕೆಲಸ ಮಾಡಿತು. 1974ರ ಸುಮಾರಿಗೆ ಹಳೆಯ ದಾಖಲೆಗಳನ್ನು ತೆಗೆದು, ಒಬ್ಬೊಬ್ಬರನ್ನೇ ಹುಡುಕಿ, ಬಂದು ಕುತ್ತಿಗೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕರೆಯಿತು. ಥೈರಾಯ್ಡ್ ಕ್ಯಾನ್ಸರ್ ಬೇಗ ಸಿಕ್ಕಿದರೆ ಬಹುಪಾಲು ಗುಣವಾಗುವಂಥದು. ಮೊದಲು ಮಾಡಿದ ಕೆಲಸವನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಆದರೆ ಕಾಗದ ಉಳಿದಿದ್ದರಿಂದ, ಹೇಳುವ ಮನಸ್ಸೂ ಉಳಿದಿದ್ದರಿಂದ ಅಷ್ಟು ಜನಕ್ಕೆ ಎಚ್ಚರವಾದರೂ ಸಿಕ್ಕಿತು.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನನಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಆ ಕಾಲದ ವೈದ್ಯರು ದುಷ್ಟರಲ್ಲ, ತಾಯಂದಿರು ಕಟುಕರಲ್ಲ. ಅವರಿಗೆ ತಿಳಿದಷ್ಟರಲ್ಲಿ ಮಗುವಿಗೆ ಕಿವಿ ಕೇಳಲಿ ಎಂದು ಮಾಡಿದರು. ಇಂದು ನಮಗೆ ಅವರಿಗಿಂತ ಹೆಚ್ಚು ತಿಳಿದಿದೆ, ಆದ್ದರಿಂದಲೇ ಕಿರಣವನ್ನು ಬೇರೆ ದಾರಿಯಿಲ್ಲದ ಕಡೆಗೆ ಮೀಸಲಿಟ್ಟಿದ್ದೇವೆ. ಇದು ಜ್ಞಾನ ತಂದ ಸುಧಾರಣೆ. ಆದರೆ ಮರೆವು, ಮರೆಮಾಚುವಿಕೆ ಇವು ಜ್ಞಾನದಿಂದ ತಾವಾಗಿ ಹೋಗುವುದಿಲ್ಲ. ಅವಕ್ಕೆ ಬೇಕಾದದ್ದು ಮನಸ್ಸಿನ ಗಟ್ಟಿತನ.

ನಮ್ಮ ಹಳ್ಳಿಗಳಲ್ಲಿ ಎಳೆಮಕ್ಕಳಿಗೆ ಬರೆ ಹಾಕಿಸುವ ಪದ್ಧತಿ ಇತ್ತು. ಕಾಮಾಲೆಗೆ, ಹೊಟ್ಟೆಯುಬ್ಬರಕ್ಕೆ, ನಿಲ್ಲದ ಅಳುವಿಗೆ, ಕಾದ ಕಬ್ಬಿಣದ ಕಡ್ಡಿಯಿಂದಲೋ ಬಳೆಚೂರಿನಿಂದಲೋ ಮಗುವಿನ ಮೈ ಸುಡುತ್ತಿದ್ದರು. ಅದು ಕ್ರೌರ್ಯ, ಅದರಿಂದ ಯಾವ ರೋಗವೂ ವಾಸಿಯಾಗುವುದಿಲ್ಲ. ಅದನ್ನು ಕಿರಣ ಚಿಕಿತ್ಸೆಗೆ ಹೋಲಿಸುವುದು ತಪ್ಪು. ಆದರೆ ಒಂದು ಮಾತು ಮಾತ್ರ ಅದರಿಂದ ಕಲಿಯಬಹುದು. ಆ ಬರೆಯ ಕಲೆ ಮೈಮೇಲೆ ಉಳಿಯುತ್ತಿತ್ತು. ಮಗು ದೊಡ್ಡದಾಗಿ ಸ್ನಾನದ ಹೊತ್ತಿನಲ್ಲಿ “ಅಮ್ಮ, ಇದೇನು?” ಎಂದು ಕೇಳುತ್ತಿತ್ತು. ತಾಯಿ ಹೇಳಲೇಬೇಕಾಗುತ್ತಿತ್ತು. ನಾವು ನಿನಗೆ ಏನು ಮಾಡಿದೆವು, ಯಾಕೆ ಮಾಡಿದೆವು ಎಂಬ ಲೆಕ್ಕವನ್ನು ಆ ಕಲೆಯೇ ಕೇಳಿ ಪಡೆಯುತ್ತಿತ್ತು. ಕಿರಣದ ಬರೆ ನೋಯುವುದಿಲ್ಲ, ಕಲೆಯೂ ಎದ್ದು ಕಾಣುವುದಿಲ್ಲ. ಆದ್ದರಿಂದ ಅದನ್ನು ಪಡೆದವನು ಏನನ್ನೂ ಕೇಳುವುದಿಲ್ಲ. ಹೇಳುವ ಹೊಣೆ ಪೂರ್ತಿಯಾಗಿ ಹಾಕಿಸಿದವರ ಮೇಲೆಯೇ ಬೀಳುತ್ತದೆ.

ಆ ಹುಡುಗನ ವಿಷಯದಲ್ಲಿ ಈ ಹೊಣೆ ಎದುರಿಗೆ ಬಂದು ನಿಂತದ್ದು ಅವನಿಗೆ ಹೆಣ್ಣು ನೋಡುವ ಮಾತು ಶುರುವಾದಾಗ. ಅವನಿಗೆ ತನಗೆ ಶಸ್ತ್ರಕ್ರಿಯೆಯಾದದ್ದು, ಮುಖವಾಡ ಹಾಕಿ ಮಲಗಿಸಿದ್ದು ನೆನಪಿತ್ತು. ಮುಂದಿನ ವರ್ಷಗಳಲ್ಲಿ ಏನನ್ನು ಗಮನಿಸಬೇಕು ಎಂದು ವೈದ್ಯರು ಹೇಳಿದ್ದನ್ನು ಮಾತ್ರ ಯಾರೂ ಅವನಿಗೆ ಹೇಳಿರಲಿಲ್ಲ. ಹದಿನೆಂಟು ತುಂಬದವರ ಪರವಾಗಿ ಕೇಳಿಸಿಕೊಳ್ಳುವವರೂ ಸಹಿ ಹಾಕುವವರೂ ದೊಡ್ಡವರೇ ತಾನೆ. ಫೈಲು ಮಂಚದ ಕೆಳಗಿನ ಟ್ರಂಕಿನಲ್ಲಿತ್ತು. ಮನೆಯ ಹಿರಿಯಜ್ಜಿ, “ಮುಗಿದ ಕಥೆ ಅದು. ಹಳೇ ಕಾಗದ ಇಟ್ಕೊಂಡ್ರೆ ಹಳೇ ರೋಗಾನ ಕೂಗಿ ಕರೆದಂಗೆ. ಒಲೆಗೆ ಹಾಕು” ಎಂದರಂತೆ. ತಾಯಿ ನನ್ನನ್ನು ಕಂಡಾಗ, ಏನು ಮಾಡಲಿ ಎಂದು ಕೇಳಿದರು.

ಅಜ್ಜಿಯ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅದರಲ್ಲಿ ಪ್ರೀತಿಯಿದೆ, ಲೋಕಜ್ಞಾನವೂ ಇದೆ. ಕ್ಯಾನ್ಸರ್ ಆಸ್ಪತ್ರೆಯ ಚೀಟಿ ಕಂಡರೆ ಬೀಗರಾಗುವವರು ಹಿಂದೆ ಸರಿಯುತ್ತಾರೆ. ಕ್ಯಾನ್ಸರ್ ಅಲ್ಲ ಎಂದು ನೂರು ಸಲ ಹೇಳಿದರೂ ಅವರ ಕಿವಿಗೆ ಆ ಒಂದು ಪದ ಮಾತ್ರ ಬೀಳುತ್ತದೆ. ಹುಡುಗನ ಮನಸ್ಸಿನ ಮಾತೂ ಇದೆ. ಆರೋಗ್ಯವಾಗಿ ಓಡಾಡಿಕೊಂಡಿರುವವನ ತಲೆಗೆ ಬರಬಹುದಾದ ಕಾಯಿಲೆಗಳ ಪಟ್ಟಿ ತುಂಬುವುದು ಯಾವ ಪುರುಷಾರ್ಥಕ್ಕೆ? ಗೊತ್ತಿಲ್ಲದವನು ನೆಮ್ಮದಿಯಿಂದ ನಿದ್ದೆಯಾದರೂ ಮಾಡುತ್ತಾನೆ.

ಆದರೆ ಆ ನೆಮ್ಮದಿ ಅವನದಲ್ಲ, ನಮ್ಮದು. ಅವನಿಗೆ ಮೇಲುದವಡೆಯ ಹಲ್ಲು ನೋಯುತ್ತದೆ ಎನ್ನಿ. ಕೀಳಿಸಲು ಹೋಗುತ್ತಾನೆ. ಕಿರಣ ಬಿದ್ದ ದವಡೆಯ ಗಾಯ ಮಾಯುವುದು ಕಷ್ಟವಾಗಬಹುದು, ಆದ್ದರಿಂದ ದಂತವೈದ್ಯರಿಗೆ ಮೊದಲೇ ಹೇಳಬೇಕು. ಏನು ಹೇಳಬೇಕೆಂದು ಗೊತ್ತಿಲ್ಲದವನು ಹೇಳುವುದು ಹೇಗೆ? ಕುತ್ತಿಗೆಯಲ್ಲಿ ಕಡಲೆಕಾಳಿನಷ್ಟು ಗಂಟು ಕಾಣುತ್ತದೆ ಎನ್ನಿ. ತಿಳಿದವನು ಮರುವಾರವೇ ತೋರಿಸುತ್ತಾನೆ, ತಿಳಿಯದವನು ಬಿಡುವಾದಾಗ ನೋಡೋಣ ಎನ್ನುತ್ತಾನೆ. ಮೂವತ್ತಕ್ಕೇ ಕಣ್ಣು ಮಂಜಾದರೆ, ಕಾರಣವಿಲ್ಲದೆ ಸುಸ್ತಾದರೆ, ತಿಳಿದವನು ರಕ್ತ ಪರೀಕ್ಷೆ ಮಾಡಿಸಿ ಪಿಟ್ಯುಟರಿ, ಥೈರಾಯ್ಡ್ ನೋಡಿಸಿಕೊಳ್ಳುತ್ತಾನೆ. ಅವನ ಪರವಾಗಿ ನಾವು ಅಪಾಯವನ್ನು ಒಪ್ಪಿಕೊಂಡೆವು. ಆ ಅಪಾಯವನ್ನು ತಡೆಯುವ ದಾರಿಯನ್ನು ಮಾತ್ರ ಅವನಿಂದ ಬಚ್ಚಿಟ್ಟರೆ, ಅದು ಮೊದಲು ಹಾಕಿದ ಸಹಿಗೇ ಮಾಡಿದ ಮೋಸವಾಗುತ್ತದೆ.

ಮಕ್ಕಳ ಪರವಾಗಿ ಹಾಕಿದ ಸಹಿ ಆಸ್ಪತ್ರೆಯ ಮೇಜಿನ ಮೇಲೆ ಪೂರ್ತಿಯಾಗುವುದಿಲ್ಲ. ಅದು ಅರ್ಧ ಸಹಿ. ಯಾರ ಪರವಾಗಿ ಹಾಕಿದೆವೋ ಅವರು ದೊಡ್ಡವರಾದ ದಿನ ಎದುರಿಗೆ ಕೂರಿಸಿಕೊಂಡು, ಹೀಗೆ ಮಾಡಿದೆವು, ಇಂಥ ಕಾರಣಕ್ಕೆ ಮಾಡಿದೆವು, ಇಗೋ ಕಾಗದ ಎಂದು ಒಪ್ಪಿಸಿದಾಗ ಉಳಿದರ್ಧ ತುಂಬುತ್ತದೆ. ಆಗ ಅವರು ನಮ್ಮನ್ನು ಹೊಗಳಬಹುದು, ಬೈಯಬಹುದು. ಎರಡಕ್ಕೂ ಅವರಿಗೆ ಹಕ್ಕಿದೆ. ಇಂದು ಇಲ್ಲದವನನ್ನು ಕೇಳುವುದು ಹೇಗೆ ಎಂಬ ಪ್ರಶ್ನೆಗೆ ನನಗೆ ಕಾಣುವ ಉತ್ತರ ಇದೊಂದೇ. ಮುಂಚೆ ಕೇಳಲಾಗದಿದ್ದರೆ ಆಮೇಲಾದರೂ ಹೇಳಬೇಕು. ಹೇಳಲಾರದಂಥ ತೀರ್ಮಾನವಾದರೆ ಅದನ್ನು ಮಾಡಲೇಬಾರದಿತ್ತು. ‘ನಾಳೆ ಇದನ್ನು ಇವನ ಮುಖ ನೋಡಿ ಹೇಳಬಲ್ಲೆನೇ?’ ಎಂದು ಸಹಿ ಹಾಕುವ ಮುನ್ನ ಕೇಳಿಕೊಂಡರೆ, ಆ ಪ್ರಶ್ನೆಯೇ ನಮ್ಮನ್ನು ಇನ್ನೊಬ್ಬ ವೈದ್ಯರ ಬಳಿಗೆ, ಇನ್ನೊಂದು ವಿಚಾರಣೆಗೆ ಕರೆದೊಯ್ಯುತ್ತದೆ. ಹೆದರಿ ಹಾಕುವ ಸಹಿಗೂ ತಿಳಿದು ಹಾಕುವ ಸಹಿಗೂ ಇರುವ ಅಂತರ ಅಲ್ಲಿಯೇ.

ಇದನ್ನೇ ನಾನು ಆ ತಾಯಿಗೆ ಹೇಳಿದೆ. ಹೆಣ್ಣಿನ ಕಡೆಯವರಿಗೆ ಏನು ಹೇಳಬೇಕು ಎಂದೂ ಅವರು ಕೇಳಿದರು. ಅದು ನಿಮ್ಮ ಮಾತಲ್ಲಮ್ಮ, ಅವನ ಮಾತು, ಅವನಿಗೆ ತಿಳಿದರೆ ತಾನೆ ಅವನು ಹೇಳುವುದು ಎಂದೆ. ಮಗನಿಗೆ ಇಪ್ಪತ್ತೆಂಟಾಗಿದೆ, ಸ್ವಂತ ಸಂಸಾರ ಹೂಡಲು ಹೊರಟವನಿಗೆ ಸ್ವಂತ ದೇಹದ ಚರಿತ್ರೆ ತಿಳಿದಿರಬೇಕಲ್ಲವೆ? ದೀಪಾವಳಿಗೆ ಅವನು ಊರಿಗೆ ಬಂದಾಗ ಫೈಲನ್ನು ಮುಂದಿಟ್ಟು ಎಲ್ಲ ಹೇಳಿದರಂತೆ. ಅವನು ಬಹಳ ಹೊತ್ತು ಕಾಗದ ತಿರುವಿ ಹಾಕಿ, “ಆಗ ಬೇರೆ ದಾರಿ ಇತ್ತಾ ಅಮ್ಮ?” ಎಂದು ಒಂದೇ ಪ್ರಶ್ನೆ ಕೇಳಿದನಂತೆ. ಎರಡು ಕಡೆ ವಿಚಾರಿಸಿದ್ದ ತಾಯಿಗೆ ಉತ್ತರ ಗೊತ್ತಿತ್ತು. ಹೇಳಿದರು. ಮುಂದಿನ ತಿಂಗಳು ಅವನೇ ಹೋಗಿ ಕುತ್ತಿಗೆ, ಕಣ್ಣು, ರಕ್ತ ಎಲ್ಲ ಪರೀಕ್ಷೆ ಮಾಡಿಸಿಕೊಂಡು ಬಂದ.

ನಮ್ಮ ಮನೆಗಳಲ್ಲಿ ಹೆಂಗಸರೇ ಕಾಗದಪತ್ರಗಳ ಕಾವಲುಗಾರರು. ಜಾತಕವನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿಡುತ್ತೇವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸುತ್ತೇವೆ. ಪಹಣಿ ಪತ್ರ, ಬ್ಯಾಂಕಿನ ಪುಸ್ತಕ ಬೀರುವಿನಲ್ಲಿರುತ್ತವೆ. ಆಸ್ಪತ್ರೆಯ ಫೈಲು ಮಾತ್ರ ಮಂಚದ ಕೆಳಗೆ, ಇಲ್ಲವೆ ಅಟ್ಟದ ಮೇಲೆ. ಹೆಣ್ಣುಮಕ್ಕಳದಾದರೆ ಅದೂ ಇಲ್ಲ, ಅವರ ಕಾಯಿಲೆಯ ಕುರುಹನ್ನೇ ಅಳಿಸಿಬಿಡುತ್ತೇವೆ. ಮಗುವಿಗೆ ಯಾವ ವರ್ಷ, ಯಾವ ಭಾಗಕ್ಕೆ, ಎಷ್ಟು ಗ್ರೇ ಕಿರಣ, ಎಷ್ಟು ದಿನ ಕೊಟ್ಟರು ಎಂದು ಬರೆದಿರುವ 2 ಪುಟಗಳು ಆ ಮಗುವಿನ ಆಸ್ತಿ. ಆಸ್ಪತ್ರೆಗಳು ಹಳೆಯ ದಾಖಲೆಗಳನ್ನು ಎಷ್ಟು ವರ್ಷ ಇಟ್ಟುಕೊಂಡಾವು ಎಂದು ನಂಬಿ ಕೂರುವಂತಿಲ್ಲ. ಅದರದೊಂದು ಪ್ರತಿ ಮಾಡಿಸಿ, ಜಾತಕ ಇಟ್ಟ ಕಡೆಯಲ್ಲೇ ಇಡಿ. ಜಾತಕ ಹೇಳುವ ಭವಿಷ್ಯವನ್ನು ನಂಬುವವರೂ ಇದ್ದಾರೆ, ನಂಬದವರೂ ಇದ್ದಾರೆ. ಈ ಕಾಗದ ಹೇಳುವುದು ನಡೆದುಹೋದದ್ದನ್ನು. ಮಗ ದೊಡ್ಡವನಾದ ದಿನ ಅದನ್ನು ಅವನ ಕೈಗೆ ಕೊಟ್ಟು, ಅವನು ಕೇಳುವ ಪ್ರಶ್ನೆಗೆ ಉತ್ತರ ಹೇಳಲು ಎದುರಿಗೆ ಕೂತಿರಿ.